ಕಾಲಿಗೆ ಬುದ್ಧಿ ಹೇಳಿದವರು

ಜೇಬುಗಳ್ಳ ಓಡಿದರೆ ‘ಪರಾರಿ’. ಸ್ವಾತಂತ್ರ್ಯ ಹೋರಾಟಗಾರ ಅಡಗಿದರೆ ‘ಭೂಗತ’. ಮದುವೆಯಾಗಲು ಮನೆ ಬಿಟ್ಟ ಹುಡುಗಿಗೆ ಯಾವ ಮಾತು? ಪೊಲೀಸರ ಕೈಗೆ ಸಿಗದವರ ಬಗ್ಗೆ ಕನ್ನಡಿಗರು ಮತ್ತು ಇಂಗ್ಲಿಷರು ಕಟ್ಟಿಕೊಂಡ ಮಾತುಗಳ ಬೆನ್ನಟ್ಟಿ ಬಸವನಗುಡಿಯಿಂದ ಹೊರಟ ಹುಡುಕಾಟವಿದು.

ಕಾರ್ತಿಕದ ಕಡೇ ಸೋಮವಾರದ ಸಂಜೆ, ಕಡಲೆಕಾಯಿ ಪರಿಷೆ. ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ರಾಮಕೃಷ್ಣ ಆಶ್ರಮದ ವೃತ್ತದಿಂದ ದೊಡ್ಡ ಬಸವಣ್ಣನ ಗುಡಿಯವರೆಗೆ ರಸ್ತೆಯ ಎರಡೂ ಬದಿಗೆ ಕಡಲೆಕಾಯಿ ರಾಶಿ: ಹಸಿಯದು, ಹುರಿದದ್ದು, ಬೇಯಿಸಿದ್ದು. ಸೇರಿನಿಂದ ಚೀಲಕ್ಕೆ ಸುರಿಯುವ ಸದ್ದು, ಮಕ್ಕಳ ಪೀಪಿ. ಅದರ ಮೇಲೆ ಧ್ವನಿವರ್ಧಕದಲ್ಲಿ ಪೊಲೀಸರ ಎಚ್ಚರಿಕೆ. ಜೇಬು ಜೋಪಾನ, ಸರ ಜೋಪಾನ, ಮೊಬೈಲು ಜೋಪಾನ.

ಇಂಥ ಜಂಗುಳಿಯಲ್ಲಿ ಯಾರದೋ ಜೇಬಿಗೆ ಯಾರದೋ ಕೈ ಇಳಿಯುತ್ತದೆ. ‘ಹಿಡೀರಿ, ಹಿಡೀರಿ’ ಎಂಬ ಕೂಗಿಗೆ ಜನ ತಿರುಗುವಷ್ಟರಲ್ಲಿ ಅವನು ಬ್ಯೂಗಲ್ ರಾಕ್ ಕಡೆಗೆ ಕರಗಿಹೋಗಿರುತ್ತಾನೆ. ಆಮೇಲೆ ಕೇಳಿಸುವ ಮಾತುಗಳಿಗೆ ಸ್ವಲ್ಪ ಕಿವಿಗೊಡಿ. ಪೇದೆ ವೈರ್‌ಲೆಸ್ಸಿನಲ್ಲಿ ಹೇಳುವುದು, ‘ಆಸಾಮಿ ಪರಾರಿ ಸಾರ್.’ ರಾಶಿಯ ಹಿಂದೆ ಕುಳಿತ ಹೆಂಗಸು ಪಕ್ಕದವಳಿಗೆ ಹೇಳುವುದು, ‘ಕಂಬಿ ಕಿತ್ತ ನೋಡವ್ವ.’ ಪಂಚೆ ಎತ್ತಿ ಕಟ್ಟಿದ ಹಿರಿಯರು ಅನ್ನುವುದು, ‘ಕಾಲಿಗೆ ಬುದ್ಧಿ ಹೇಳಿದ ಬಿಡಿ.’ ಕಾಲೇಜು ಹುಡುಗರದ್ದು ಒಂದೇ ಮಾತು, ‘ಎಸ್ಕೇಪ್ ಮಗಾ!’

ಓಡಿದವನು ಒಬ್ಬನೇ. ಆದರೆ ಆ ನಾಲ್ಕು ಮಾತುಗಳು ಮೂರು ದಾರಿಯಿಂದ ಬಸವನಗುಡಿಗೆ ಬಂದವು. ಒಂದು ಅರಬ್ಬಿ, ಪಾರಸಿಯಿಂದ ಬಂದದ್ದು. ಎರಡು ಕನ್ನಡದ್ದೇ ನುಡಿಗಟ್ಟುಗಳು. ಇನ್ನೊಂದು ಲ್ಯಾಟಿನ್, ಫ್ರೆಂಚ್ ದಾಟಿ ಬಂದ ಇಂಗ್ಲಿಷ್.

ಅಮೆರಿಕದಲ್ಲಿ ಪೊಲೀಸರಿಂದ ತಪ್ಪಿಸಿಕೊಂಡು ತಿರುಗುವವನನ್ನು ‘ಆನ್ ದ ಲ್ಯಾಮ್’ ಎನ್ನುತ್ತಾರೆ. ಹಾಲಿವುಡ್ ಸಿನಿಮಾ ನೋಡುವವರಿಗೆ ಪರಿಚಿತ ಮಾತು. ಇದು ಹುಟ್ಟಿದ್ದೂ ಜೇಬುಗಳ್ಳರ ಬಾಯಲ್ಲೇ. ಅಮೆರಿಕದ ಖ್ಯಾತ ಖಾಸಗಿ ಪತ್ತೇದಾರ ಅಲನ್ ಪಿಂಕರ್ಟನ್ 1880ರ ದಶಕದ ತನ್ನ ಪುಸ್ತಕದಲ್ಲಿ ಜೇಬುಗಳ್ಳರ ಗುಂಪು ಕೆಲಸ ಮಾಡುವ ಬಗೆಯನ್ನು ವಿವರಿಸುತ್ತ ಈ ಮಾತನ್ನು ದಾಖಲಿಸಿದ. ಕದ್ದವನು ಜೊತೆಗಾರನಿಗೆ ‘ಲ್ಯಾಮ್’ ಎಂದರೆ, ಇಲ್ಲಿಂದ ಹೊರಡು ಎಂದರ್ಥ.

ಅದಕ್ಕೂ ಮುನ್ನೂರು ವರ್ಷ ಹಿಂದೆ ಇಂಗ್ಲೆಂಡಿನಲ್ಲಿ ‘ಲ್ಯಾಮ್’ ಎಂದರೆ ಹೊಡೆಯುವುದು, ಬಡಿಯುವುದು. ಉತ್ತರ ಯೂರೋಪಿನ ಹಳೆಯ ನಾರ್ಸ್ ಭಾಷೆಯ ಬಡಿತದ ಕ್ರಿಯಾಪದವೊಂದು ಅದರ ತಾಯಿ. ಬಡಿತ ಓಟವಾದದ್ದು ಹೇಗೆ? ‘ಬೀಟ್ ಇಟ್’ ಎಂಬ ಮಾತು ಇದಕ್ಕೆ ಸುಳಿವು ಕೊಡಬಹುದೆಂದು ಪದಮೂಲ ಹುಡುಕುವವರು ಊಹಿಸುತ್ತಾರೆ. ಅಲ್ಲೂ ಬಡಿತವೇ ಓಟದ ಅರ್ಥ ಪಡೆದಿದೆ. ನೆಲವನ್ನು ಕಾಲಿನಿಂದ ಬಡಿಯುತ್ತ ಓಡುವುದು. ಕನ್ನಡಿಗರಿಗೆ ಇದು ವಿಚಿತ್ರವೆನಿಸಬೇಕಿಲ್ಲ. ನಾವೂ ‘ಓಟ ಹೊಡೆದ’ ಎನ್ನುತ್ತೇವೆ, ‘ಓಟ ಕಿತ್ತ’ ಎನ್ನುತ್ತೇವೆ. ಹೊಡೆಯುವುದೂ ಕೀಳುವುದೂ ಕೈಯ ಕೆಲಸ, ಓಡುವುದು ಕಾಲು.

ತಲೆಯಿಂದ ಕಾಲಿನವರೆಗೆ

ಕನ್ನಡದ ಈ ಬಗೆಯ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಂಡದ್ದು, ಇವು ಮೈಯ ಅಂಗಾಂಗಗಳ ಮೇಲೆ ನಿಂತಿವೆ ಎಂಬುದು. ತಲೆ ಮರೆಸಿಕೊಂಡ. ಕಣ್ಣಿಗೆ ಮಣ್ಣೆರಚಿದ. ಕೈಗೆ ಸಿಗಲಿಲ್ಲ. ಬೆನ್ನು ತೋರಿಸಿದ. ಕಾಲಿಗೆ ಬುದ್ಧಿ ಹೇಳಿದ. ಓಡುವವನಿಗೆ ಆ ಗಳಿಗೆಯಲ್ಲಿ ಮೈಯ ಹೊರತು ಬೇರೆ ಆಸ್ತಿಯಿಲ್ಲ. ಮಾತು ಕಟ್ಟಿದವರು ಅದನ್ನು ಕಂಡಿದ್ದರು.

‘ಕಾಲಿಗೆ ಬುದ್ಧಿ ಹೇಳು’ ಎಂಬ ಮಾತಿನ ಸೊಗಸು ಬಿಡಿಸಿದಷ್ಟೂ ಹೆಚ್ಚುತ್ತದೆ. ಸಾಮಾನ್ಯವಾಗಿ ಬುದ್ಧಿ ಹೇಳುವುದು ಹಿರಿಯರು ಕಿರಿಯರಿಗೆ. ಇಲ್ಲಿ ಹೇಳುವವನು ಓಡುವವನು, ಕೇಳುವುದು ಅವನದೇ ಕಾಲು. ಊರು ಹೇಳಿದ ಬುದ್ಧಿ ತಲೆಗೆ ಹತ್ತದವನ ಕೊನೆಯ ವಿವೇಕ ಕಾಲಿಗಿಳಿದಿದೆ. ಇಂಗ್ಲಿಷಿನಲ್ಲಿ ಹಿಮ್ಮಡಿಯನ್ನು ನಂಬಿದವರಿದ್ದಾರೆ, ಕಾಲ್ಬೆರಳನ್ನು ನಂಬಿದವರಿದ್ದಾರೆ. ಕಾಲನ್ನು ಶಿಷ್ಯನನ್ನಾಗಿ ಮಾಡಿಕೊಂಡ ಮಾತು ನಾನು ಅಲ್ಲಿ ಕಂಡಿಲ್ಲ.

‘ಚಳ್ಳೆಹಣ್ಣು ತಿನ್ನಿಸು’ ಎಂಬುದರ ರುಚಿಯೇ ಬೇರೆ. ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ತಪ್ಪಿಸಿಕೊಂಡವನ ಸುದ್ದಿ ವಾರಕ್ಕೊಮ್ಮೆಯಾದರೂ ಪತ್ರಿಕೆಯಲ್ಲಿ ಬರುತ್ತದೆ. ಚಳ್ಳೆಮರ ಮಾತ್ರ ಪೇಟೆಯ ಮಕ್ಕಳಿಗೆ ಗೊತ್ತಿಲ್ಲ. ಅದರ ಹಣ್ಣಿನ ತಿರುಳು ಲೋಳೆ ಲೋಳೆ, ಅಂಟು ಅಂಟು. ಹಿಂದೆ ಹಳ್ಳಿಯ ಮಕ್ಕಳು ಅದನ್ನೇ ಗೋಂದು ಮಾಡಿ ಕಾಗದ ಅಂಟಿಸುತ್ತಿದ್ದರು. ಆ ಹಣ್ಣು ಬಾಯಿಗೆ ಬಿದ್ದವನಿಗೆ ನುಂಗಲೂ ಆಗದು, ಉಗುಳಲೂ ಆಗದು. ಅಟ್ಟಿಸಿಕೊಂಡು ಬಂದವರು ಬಾಯಿ ಬಿಡಿಸಿಕೊಳ್ಳುವಷ್ಟರಲ್ಲಿ ಕೊಟ್ಟವನು ಊರಾಚೆ. ಇಲ್ಲಿ ಜನರ ಮೆಚ್ಚುಗೆ ಓಡಿದವನ ಜಾಣತನದ ಕಡೆಗೆ ತುಸು ವಾಲಿದೆ.

ಸರ್ಕಾರದ ಮಾತಿಗೂ ಕೈಯಿದೆ. ನಮ್ಮ ಅಜ್ಜಂದಿರ ಕಾಲದ ಪತ್ರಿಕೆಗಳಲ್ಲಿ ಬಂಧನಕ್ಕೆ ‘ದಸ್ತಗಿರಿ’ ಎಂದೇ ಬರೆಯುತ್ತಿದ್ದರು. ಪಾರಸಿಯಲ್ಲಿ ದಸ್ತ್ ಎಂದರೆ ಕೈ, ಗೀರ್ ಎಂದರೆ ಹಿಡಿಯುವ. ‘ಕೈಗೆ ಸಿಕ್ಕ’ ಎಂದು ಕನ್ನಡದಲ್ಲಿ ಹೇಳುವುದನ್ನೇ ದಫ್ತರದ ಭಾಷೆ ಪಾರಸಿಯಲ್ಲಿ ಬರೆದುಕೊಂಡಿತ್ತು.

ದಫ್ತರದಿಂದ ಬಂದ ಪರಾರಿ

ಬಸವನಗುಡಿಯಿಂದ ಚಾಮರಾಜಪೇಟೆಗೆ ನಡೆದು ಹೋಗಬಹುದು. ಅಲ್ಲಿ, ಪಂಪ ಮಹಾಕವಿ ರಸ್ತೆಯಲ್ಲಿ, 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಕನ್ನಡಕ್ಕೆ 8 ಸಂಪುಟಗಳ ನಿಘಂಟನ್ನು ಕೊಟ್ಟ ಸಂಸ್ಥೆ ಅದು. ಆ ನಿಘಂಟಿನ ಜೊತೆ ಪ್ರೊ. ಜಿ. ವೆಂಕಟಸುಬ್ಬಯ್ಯನವರ ಹೆಸರು ಬೇರೆಯಾಗದಂತೆ ಬೆಸೆದುಕೊಂಡಿದೆ. 2021ರಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಅವರು ಪದಗಳ ಜೊತೆಗೇ ಬದುಕಿದರು. ಕನ್ನಡಕ್ಕೆ ಹೊರಗಿನಿಂದ ಬಂದ ಮಾತುಗಳಿಗಾಗಿಯೇ ‘ಎರವಲು ಪದಕೋಶ’ ಮಾಡಿದರು. ಓದುಗರು ‘ಇಗೋ ಕನ್ನಡ’ ಅಂಕಣಕ್ಕೆ ಬರೆದು ಕೇಳಿದ ಒಂದೊಂದು ಪದದ ಹಿಂದೆಯೂ ಅವರು ಪತ್ತೇದಾರನಂತೆ ಹೋಗುತ್ತಿದ್ದರು.

ಪೇದೆಯ ‘ಪರಾರಿ’ಯ ಬೇರು ಅರಬ್ಬಿ. ಅಲ್ಲಿ ಫಿರಾರ್ ಎಂದರೆ ಓಟ, ಪಲಾಯನ. ಪಾರಸಿ, ಉರ್ದು, ಮರಾಠಿಗಳ ದಾರಿಯಲ್ಲಿ ಅದು ಕನ್ನಡಕ್ಕೆ ಬಂತು. ಕನ್ನಡದ ನಾಲಿಗೆಗೆ ಒಗ್ಗದ ಫಕಾರ ಪಕಾರವಾಯಿತು. ಫೌಜು ಪೌಜಾದಂತೆ ಫರಾರಿ ಪರಾರಿಯಾಯಿತು. ಈಗ ಅದು ಎಷ್ಟು ನಮ್ಮದಾಗಿದೆಯೆಂದರೆ ಹೊರಗಿನದೆಂದು ಹೇಳಿದರೆ ಜನ ನಂಬುವುದಿಲ್ಲ.

ಇದು ಹೇಗೆ ಬಂತೆಂದು ತಿಳಿಯಲು ಬೆಂಗಳೂರಿನ ಕೋಟೆಯನ್ನು ಆಳಿದವರ ಹೆಸರು ನೆನೆದರೆ ಸಾಕು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೇನೆ ಕೆಂಪೇಗೌಡರ ಊರನ್ನು ಗೆದ್ದಿತು. ಅದು ಶಹಾಜಿಯ ಜಹಗೀರಾಯಿತು. ಮುಂದೆ ಮೊಘಲರು ಬಂದರು, ಮೈಸೂರು ಒಡೆಯರು ಬಂದರು, ಹೈದರ್ ಮತ್ತು ಟಿಪ್ಪು ಆಳಿದರು. ಗದ್ದುಗೆಯ ಮೇಲೆ ಯಾರೇ ಕುಳಿತರೂ ಲೆಕ್ಕ ಬರೆದದ್ದು, ಕಂದಾಯ ವಸೂಲಿ ಮಾಡಿದ್ದು, ಕಳ್ಳನನ್ನು ಹಿಡಿದದ್ದು ಪಾರಸಿ ಮತ್ತು ಮರಾಠಿ ಬೆರೆತ ದಫ್ತರದ ಭಾಷೆಯಲ್ಲಿ. ಠಾಣೆ, ಫಿರ್ಯಾದಿ, ಜಾಮೀನು, ಕೈದಿ, ವಕೀಲ, ಹಾಜರಿ, ಗೈರುಹಾಜರಿ, ಕೊನೆಗೆ ಕಾನೂನು ಎಂಬ ಮಾತು ಕೂಡ ಆ ದಾರಿಯದೇ.

‘ನಾಪತ್ತೆ’ಯೂ ಇದೇ ಗುಂಪಿನದು. ಪತ್ತೆ ಎಂದರೆ ಸುಳಿವು, ವಿಳಾಸ. ಅದರ ಮುಂದೆ ಪಾರಸಿಯ ನಿಷೇಧದ ‘ನಾ’ ಬಂದು ಕುಳಿತರೆ ನಾಪತ್ತೆ. ಹಿಂದೆ ಪಾರಸಿಯ ‘ದಾರ’ ಸೇರಿದರೆ ಪತ್ತೇದಾರ. ತಪ್ಪಿಸಿಕೊಂಡವನಿಗೂ ಹುಡುಕುವವನಿಗೂ ಒಂದೇ ಬೇರು ಸಿಕ್ಕಿತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಓದಿದ ತಲೆಮಾರಿಗೆ ಈ ಪದಗಳ ಮೇಲಿನ ಮೋಹ ಇನ್ನೂ ಹೋಗಿಲ್ಲ.

▣ ತಂತಿ ಕಳ್ಳರು
*ದಾರಿಹೋಕರ ಕುತ್ತಿಗೆಗೆ ಕುಣಿಕೆ ಹಾಕಿ ದೋಚುತ್ತಿದ್ದ ಗುಂಪುಗಳು ಬ್ರಿಟಿಷರ ಗಮನಕ್ಕೆ ಬಂದದ್ದು ಬೆಂಗಳೂರಿನ ಆಸುಪಾಸಿನಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಕಾಲಕ್ಕೇ ಇಲ್ಲಿ ಸುಮಾರು ನೂರು ಮಂದಿ ಸೆರೆಸಿಕ್ಕರು. ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 19ನೇ ಶತಮಾನದ ಆರಂಭದಲ್ಲಿ ಇವರ ಬಗ್ಗೆ ಬರೆದ ಲೇಖನದಲ್ಲಿ ಕನ್ನಡಿಗರು ಕೊಟ್ಟ ಹೆಸರನ್ನೂ ದಾಖಲಿಸಿದ್ದಾನೆ: ತಂತಿ ಕಳ್ಳರು. ಉತ್ತರದಲ್ಲಿ ಇವರು ಠಗ್ಗರು. ಅವರಿಗೆ ತಮ್ಮದೇ ಗುಟ್ಟಿನ ಭಾಷೆ ಇತ್ತು. ಅದರ ಪದಗಳನ್ನು ವಿಲಿಯಂ ಸ್ಲೀಮನ್ 1836ರಲ್ಲಿ ‘ರಾಮಸೀಯಾನ’ ಎಂಬ ಪುಸ್ತಕವಾಗಿ ಅಚ್ಚು ಹಾಕಿಸಿದ. ಠಗ್ ಎಂಬ ಪದ ಇಂಗ್ಲಿಷಿಗೆ ಹೋಗಿ ನೆಲೆಯಾಯಿತು. ಇಂಗ್ಲಿಷಿನವರು ನಮ್ಮಿಂದ ಒಯ್ದ ಪದಗಳಲ್ಲಿ ಡಕಾಯಿತನೂ ಇದ್ದಾನೆ.*

ಓಡದೆಯೂ ತಲೆ ಮರೆಸಬಹುದು

ಕೋರ್ಟಿನ ಇಂಗ್ಲಿಷಿನಲ್ಲಿ ತಪ್ಪಿಸಿಕೊಂಡವನು ‘ಅಬ್ಸ್ಕಾಂಡ್’ ಆಗುತ್ತಾನೆ. ಕನ್ನಡ ಪತ್ರಿಕೆಗಳು ಇದಕ್ಕೆ ಕೊಡುವ ಮಾತು ‘ತಲೆಮರೆಸಿಕೊಂಡಿದ್ದಾನೆ’. ನಮ್ಮ ಪತ್ರಕರ್ತರು ಎಂದೋ ಹಾಕಿಕೊಂಡ ಈ ಜೋಡಿ ಎಷ್ಟು ಸರಿಯೆಂಬುದು ಲ್ಯಾಟಿನ್ ನೋಡಿದಾಗ ತಿಳಿಯುತ್ತದೆ. ಮೂಲ ಪದಕ್ಕೆ ಓಡುವ ಅರ್ಥವೇ ಇಲ್ಲ. ಮರೆಯಾಗಿಸು, ಬಚ್ಚಿಡು ಎಂದಷ್ಟೇ.

1881ರಲ್ಲಿ ಮದರಾಸು ಹೈಕೋರ್ಟಿನ ಮುಂದೆ ಇದೇ ಪ್ರಶ್ನೆ ಬಂತು. ಆರೋಪಿ ಊರು ಬಿಟ್ಟಿರಲೇಬೇಕೇ? ಬೇಕಿಲ್ಲ ಎಂದಿತು ನ್ಯಾಯಾಲಯ. ಪದದ ಮೂಲಾರ್ಥವೂ ರೂಢಿಯ ಅರ್ಥವೂ ಅಡಗುವುದು. ತನ್ನ ಮನೆಯಲ್ಲೇ ಅಡಗಿದರೂ ಅದು ತಲೆಮರೆಸಿಕೊಂಡಂತೆಯೇ. ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯವನು ಮನೆಯ ಅಟ್ಟದ ಮೇಲೆ ಕುಳಿತರೂ ಸಾಕು, ಮುಂಬಯಿ ರೈಲು ಹತ್ತಬೇಕಿಲ್ಲ.

ಹಾಗೆ ಅಡಗಿದವನನ್ನು ಕಾನೂನು ಕರೆಯುವ ಬಗೆ ಹಳೆಯ ಡಂಗುರದ ಕಾಲವನ್ನು ನೆನಪಿಸುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 84ನೇ ಕಲಮು ಹೇಳುವಂತೆ, ವಾರಂಟು ಜಾರಿಯಾಗದಂತೆ ಅಡಗಿದವನ ಹೆಸರಿನಲ್ಲಿ ನ್ಯಾಯಾಲಯ ಉದ್ಘೋಷಣೆ ಹೊರಡಿಸಬಹುದು. ಅದನ್ನು ಅವನು ವಾಸಿಸುವ ಊರಿನ ಎದ್ದು ಕಾಣುವ ಜಾಗದಲ್ಲಿ ಎಲ್ಲರಿಗೂ ಕೇಳುವಂತೆ ಓದಬೇಕು. ಮನೆಯ ಎದ್ದು ಕಾಣುವ ಭಾಗಕ್ಕೋ ಊರಿನ ಎದ್ದು ಕಾಣುವ ಜಾಗಕ್ಕೋ ಅಂಟಿಸಬೇಕು. ಒಂದು ಪ್ರತಿಯನ್ನು ನ್ಯಾಯಾಲಯದ ಕಟ್ಟಡದಲ್ಲಿ ಹಚ್ಚಬೇಕು. ಹಾಜರಾಗಲು ಕನಿಷ್ಠ 30 ದಿನ ಕೊಡಬೇಕು. ಹಳೆಯ ಕಾಯ್ದೆಯ 82ನೇ ಕಲಮಿನಲ್ಲೂ ಇದೇ ಇತ್ತು. ಹೊಸದಾಗಿ ಸೇರಿದ್ದು 356ನೇ ಕಲಮು: ಘೋಷಿತ ಅಪರಾಧಿ ಬಾರದಿದ್ದರೂ, ದೋಷಾರೋಪ ಹೊರಿಸಿ 90 ದಿನ ಕಳೆದ ಮೇಲೆ ಅವನ ಗೈರಿನಲ್ಲೇ ವಿಚಾರಣೆ ನಡೆಸಬಹುದು.

ಓಡಿದವನಿಗೆ ಗಡಿಯೇ ಆಸರೆಯಾಗುತ್ತಿದ್ದ ಕಾಲವೂ ಇತ್ತು. 1881ರಿಂದ 1947ರವರೆಗೆ ಬೆಂಗಳೂರು ಎರಡು ಆಡಳಿತಗಳ ಊರು. ಪೇಟೆ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಮೈಸೂರು ಮಹಾರಾಜರವು; ಕಬ್ಬನ್ ಪಾರ್ಕಿನ ಆಚೆ ದಂಡು, ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿ. ಎರಡಕ್ಕೂ ಬೇರೆ ಪೊಲೀಸು, ಬೇರೆ ನ್ಯಾಯಾಲಯ. ಉದ್ಯಾನ ದಾಟಿದವನು ಇನ್ನೊಂದು ಸರ್ಕಾರದ ನೆಲದಲ್ಲಿರುತ್ತಿದ್ದ. ‘ಗಡೀಪಾರು’ ಎಂಬ ಶಿಕ್ಷೆಯ ಮಾತನ್ನು ಓಡುವವನು ತಾನೇ ತನಗೆ ವಿಧಿಸಿಕೊಳ್ಳಬಹುದಾಗಿತ್ತು.

ಬಿಟ್ಟುಹೋದ ಮೇಲಂಗಿ

ಇನ್ನು ಹುಡುಗರ ‘ಎಸ್ಕೇಪ್’. ಇದರೊಳಗೆ ಒಂದು ಪುಟ್ಟ ನಾಟಕವೇ ಅಡಗಿದೆ. ಲ್ಯಾಟಿನ್ನಿನಲ್ಲಿ ‘ಎಕ್ಸ್’ ಎಂದರೆ ಹೊರಗೆ, ‘ಕಪ್ಪ’ ಎಂದರೆ ಮೇಲಂಗಿ. ಅಟ್ಟಿಸಿಕೊಂಡು ಬಂದವನು ಮೇಲಂಗಿ ಹಿಡಿದ, ಓಡುವವನು ಅದರಿಂದ ಜಾರಿಕೊಂಡ. ಹಿಡಿದವನ ಕೈಯಲ್ಲಿ ಉಳಿದದ್ದು ಬಟ್ಟೆ ಮಾತ್ರ. ಲಂಡನ್ನಿನ ಬೀದಿಯವರ ‘ಸ್ಕಾರ್ಪರ್’ ಎಂಬ ಮಾತೂ ಇದೇ ಬೇರಿನಿಂದ ಇಟಲಿಯ ಮೂಲಕ ಬಂದದ್ದು. ಪರಿಷೆಯ ನೂಕುನುಗ್ಗಲಿನಲ್ಲಿ ಹಿಡಿದವರ ಕೈಗೆ ಟವೆಲ್ಲೋ ಚಪ್ಪಲಿಯೋ ಸಿಕ್ಕಿದ ಕಥೆ ಕೇಳಿದವರಿಗೆ ಆ ಲ್ಯಾಟಿನ್ ದೂರದ್ದೆನಿಸುವುದಿಲ್ಲ.

ಇಂಗ್ಲಿಷ್ ಪದಕ್ಕೆ ‘ಆಗು’, ‘ಮಾಡು’, ‘ಹೊಡಿ’ ಸೇರಿಸಿ ಕನ್ನಡದ ಕ್ರಿಯಾಪದ ಮಾಡುವ ಜಾಣ್ಮೆ ಬೆಂಗಳೂರಿಗೆ ಹೊಸದಲ್ಲ. ನೂರು ವರ್ಷದ ಹಿಂದೆಯೇ ಟಿ.ಪಿ. ಕೈಲಾಸಂ ಈ ಬೆರಕೆ ಮಾತನ್ನು ರಂಗಕ್ಕೆ ತಂದು ಅದರ ಲಯವನ್ನು ಊರಿಗೆ ಕೇಳಿಸಿದರು. ‘ಎಸ್ಕೇಪ್ ಆದ’, ‘ಅಂಡರ್‌ಗ್ರೌಂಡ್ ಆಗಿದ್ದಾನೆ’, ಈಚೆಗೆ ಸುದ್ದಿವಾಹಿನಿಗಳು ಹಬ್ಬಿಸಿದ ‘ನಾಟ್ ರೀಚಬಲ್ ಆಗಿದ್ದಾನೆ’ ಎಲ್ಲ ಆ ವಂಶದವು. ಕೊನೆಯದರಲ್ಲಿ ಮನುಷ್ಯ ಮತ್ತು ಮೊಬೈಲು ಒಂದೇ ಆಗಿಬಿಟ್ಟಿದ್ದಾರೆ. ಫೋನು ಸಿಗದಿದ್ದರೆ ಮನುಷ್ಯ ಸಿಗಲಿಲ್ಲ ಎಂದೇ ಲೆಕ್ಕ.

▣ ಬಂಕ್ ಹೊಡೆದವರು
*ನ್ಯಾಷನಲ್ ಕಾಲೇಜಿನ ಹುಡುಗರು ಕ್ಲಾಸಿಗೆ ‘ಬಂಕ್’ ಹೊಡೆಯುತ್ತಾರೆ. ಈ ಪದ 19ನೇ ಶತಮಾನದ ಉತ್ತರಾರ್ಧದ ಇಂಗ್ಲೆಂಡಿನದು. ಅಲ್ಲಿ ‘ಡು ಎ ಬಂಕ್’ ಎಂದರೆ ಸಾಲಗಾರರಿಂದಲೋ ಪೊಲೀಸರಿಂದಲೋ ತಪ್ಪಿಸಿಕೊಂಡು ಓಡಿಹೋಗುವುದು. ಅಮೆರಿಕದ ‘ವಮೂಸ್’ ಹೊರಡೋಣ ಎಂಬರ್ಥದ ಸ್ಪ್ಯಾನಿಷ್ ಮಾತಿನಿಂದ ಬಂತು. ‘ಗೋ ಟು ಗ್ರೌಂಡ್’ ನರಿ ಬೇಟೆಯ ಮಾತು: ನಾಯಿಗಳು ಅಟ್ಟಿದ ನರಿ ಬಿಲ ಸೇರುವುದು.*

ಭೂಗತ: ಒಂದೇ ಮಾತು, ಇಬ್ಬರು ವಾರಸುದಾರರು

ಈ ಎಲ್ಲ ಮಾತುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ‘ಭೂಗತ’. ಇಂಗ್ಲಿಷಿನ ‘ಅಂಡರ್‌ಗ್ರೌಂಡ್’ ನೋಡಿ ಕಟ್ಟಿಕೊಂಡದ್ದು. ಆ ಇಂಗ್ಲಿಷ್ ಪದಕ್ಕೆ ಗೌರವ ತಂದುಕೊಟ್ಟವರು ಅಮೆರಿಕದ ಗುಲಾಮರು. ದಕ್ಷಿಣದ ಹೊಲಗಳಿಂದ ತಪ್ಪಿಸಿಕೊಂಡವರನ್ನು ಮನೆಯಿಂದ ಮನೆಗೆ ಗುಟ್ಟಾಗಿ ದಾಟಿಸಿ ಉತ್ತರಕ್ಕೆ ಮುಟ್ಟಿಸುತ್ತಿದ್ದ ಜಾಲಕ್ಕೆ ‘ಅಂಡರ್‌ಗ್ರೌಂಡ್ ರೈಲ್‌ರೋಡ್’ ಎಂದು ಹೆಸರಾಯಿತು. ರೈಲೂ ಇರಲಿಲ್ಲ, ಸುರಂಗವೂ ಇರಲಿಲ್ಲ. ಆಸರೆ ಕೊಟ್ಟ ಮನೆ ‘ಸ್ಟೇಷನ್’, ದಾರಿ ತೋರಿದವರು ‘ಕಂಡಕ್ಟರ್’. 1849ರಲ್ಲಿ ತಾನೇ ತಪ್ಪಿಸಿಕೊಂಡ ಹ್ಯಾರಿಯೆಟ್ ಟಬ್ಮನ್ ಮತ್ತೆ ಮತ್ತೆ ಹಿಂದಿರುಗಿ ಇತರರನ್ನು ಕರೆದೊಯ್ದಳು. ಓಡಿಹೋದ ಗುಲಾಮರ ಬಗೆಗಿನ 1850ರ ಕಾಯ್ದೆಯ ಕಣ್ಣಿನಲ್ಲಿ ಅವರೆಲ್ಲ ಪರಾರಿಯಾದವರು, ಹಿಡಿದು ಒಡೆಯನಿಗೆ ಒಪ್ಪಿಸಬೇಕಾದವರು. ಅಲ್ಲಿ ತಪ್ಪು ಇದ್ದದ್ದು ಕಾನೂನಿನಲ್ಲಿ.

ಕನ್ನಡ ನಾಡಿನಲ್ಲಿ ಭೂಗತ ಎಂಬ ಮಾತಿಗೆ ಜೀವ ಬಂದದ್ದು 1942ರಲ್ಲಿ. ಆ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರವೆಂದು ಸಾರಿತು. ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಸಬ್‌ಇನ್‌ಸ್ಪೆಕ್ಟರೂ ಸತ್ತರು. ಪೊಲೀಸ್ ಪಡೆ ನುಗ್ಗಿದಾಗ ಊರಿಗೆ ಊರೇ ಕಾಡು ಸೇರಿತು. ಮರುವರ್ಷ ಮಾರ್ಚಿನಲ್ಲಿ ಐವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಈಗ ಸ್ವಾತಂತ್ರ್ಯ ಉದ್ಯಾನವೆಂದು ಕರೆಯುವ ಶೇಷಾದ್ರಿ ರಸ್ತೆಯ ಆ ಜಾಗದಲ್ಲಿ. ಅದೇ ಮಾರ್ಚ್ ಕಳೆದ ಮರುದಿನ, 1943ರ ಏಪ್ರಿಲ್ 1ರಂದು, ಅಡಗಿದ್ದು ಹೋರಾಟ ನಡೆಸುತ್ತಿದ್ದ ಮೈಲಾರ ಮಹಾದೇವಪ್ಪ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು.

ಬೆಂಗಳೂರಿನಲ್ಲಿ ಎಚ್.ಎಸ್. ದೊರೆಸ್ವಾಮಿ ಆಗ ಯುವ ಮೇಷ್ಟರು. ಅಂಚೆಪೆಟ್ಟಿಗೆಗಳಲ್ಲಿ, ಸರ್ಕಾರಿ ದಾಖಲೆ ಕೋಣೆಗಳಲ್ಲಿ ಕಾಗದ ಸುಡುವಷ್ಟೇ ಶಕ್ತಿಯ ಸಣ್ಣ ಬಾಂಬುಗಳನ್ನಿಟ್ಟ ಗುಂಪಿನಲ್ಲಿ ಅವರಿದ್ದರು; ಅದಕ್ಕಾಗಿ 14 ತಿಂಗಳು ಸೆರೆಯಲ್ಲಿದ್ದರು. 1947ರಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದಾಗ ಅವರ ‘ಪೌರವಾಣಿ’ ಪತ್ರಿಕೆಯ ಮೇಲೆ ಸಂಸ್ಥಾನದ ಸರ್ಕಾರದ ಕಣ್ಣು ಬಿತ್ತು. ಅವರು ಪತ್ರಿಕೆಯನ್ನೇ ಎತ್ತಿಕೊಂಡು ಗಡಿಯಾಚೆಯ ಹಿಂದೂಪುರಕ್ಕೆ ಹೋಗಿ ಅಲ್ಲಿಂದ ಅಚ್ಚು ಹಾಕಿಸಿದರು. ಅದನ್ನು ಯಾರೂ ಪರಾರಿ ಎನ್ನಲಿಲ್ಲ.

ತುರ್ತು ಪರಿಸ್ಥಿತಿಯಲ್ಲಿ ಈ ಮಾತು ಮತ್ತೆ ಎದ್ದಿತು. 1975ರ ಜೂನ್ 26ರ ಬೆಳಿಗ್ಗೆ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ ಮತ್ತು ಎಲ್.ಕೆ. ಅಡ್ವಾಣಿ ಇಲ್ಲೇ ಬಂಧನವಾಗಿ ಸೆಂಟ್ರಲ್ ಜೈಲು ಸೇರಿದರು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಮಾತ್ರ ಕೈಗೆ ಸಿಗಲಿಲ್ಲ. ಗಡ್ಡ ಬಿಟ್ಟು, ಪೇಟ ಸುತ್ತಿ, ಸಿಖ್ಖರ ವೇಷದಲ್ಲಿ ದೇಶ ಸುತ್ತಿದರು. ಸುಮಾರು ಒಂದು ವರ್ಷ ದೇಶದ ಅತಿ ದೊಡ್ಡ ‘ಬೇಕಾದ ಆಸಾಮಿ’ ಒಬ್ಬ ಕನ್ನಡ ನಾಡಿನವರು.

ತಪ್ಪಿಸಿಕೊಂಡವನ ಕಥೆಯನ್ನು ಸಾಹಸವೆಂದು ಹೇಳುವಾಗ ನಾವು ಅವನ ಮನೆಯವರನ್ನು ಮರೆಯುತ್ತೇವೆ. ಜಾರ್ಜ್ ಎಲ್ಲಿದ್ದಾರೆಂದು ಬಾಯಿ ಬಿಡಿಸಲು ಅವರ ತಮ್ಮ ಲಾರೆನ್ಸ್ ಫರ್ನಾಂಡಿಸ್ ಅವರನ್ನು 1976ರ ಮೇ 1ರಂದು ಬೆಂಗಳೂರಿನಲ್ಲಿ ಪೊಲೀಸರು ಎತ್ತಿಕೊಂಡು ಹೋದರು. ಅವರು ಅನುಭವಿಸಿದ ಚಿತ್ರಹಿಂಸೆ ಮೈಯನ್ನು ಮುರಿಯಿತು. ಮರುದಿನ ಬಂಧಿತರಾದವರು ಜಾರ್ಜ್ ಅವರ ಸ್ನೇಹಬಳಗದ ನಟಿ ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಗೊತ್ತಿದ್ದವರು. ಆಸ್ತಮಾದಿಂದ ನರಳುತ್ತಿದ್ದ ಅವರನ್ನು ಸೆಂಟ್ರಲ್ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಜಾರ್ಜ್ 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಸಿಕ್ಕಿದ್ದರು. ಓಡಲಾರದವರು ಓಡಿದವರ ಪರವಾಗಿ ತೆತ್ತ ಬೆಲೆಗೆ ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಒಂದು ಮಾತು ಹುಟ್ಟಿಲ್ಲ.

ಇದಾದ ಹತ್ತಿಪ್ಪತ್ತು ವರ್ಷಗಳಲ್ಲಿ ಭೂಗತದ ವಾರಸುದಾರರೇ ಬದಲಾದರು. ‘ಭೂಗತ ಲೋಕ’, ‘ಭೂಗತ ದೊರೆ’ ಎಂದು ಪತ್ರಿಕೆಗಳು ಬರೆಯತೊಡಗಿದವು. 1995ರ ‘ಓಂ’ ಚಿತ್ರ ಲಾಂಗು, ಮಚ್ಚುಗಳನ್ನು ಬೆಳ್ಳಿತೆರೆಗೆ ತಂದಿತು. ಅಗ್ನಿ ಶ್ರೀಧರ್ ‘ದಾದಾಗಿರಿಯ ದಿನಗಳು’ ಬರೆದರು. ಅದು 2007ರಲ್ಲಿ ‘ಆ ದಿನಗಳು’ ಚಿತ್ರವಾಯಿತು. ಸ್ಕೆಚ್ಚು, ಸುಪಾರಿ, ರೌಡಿ ಶೀಟರ್ ಎಂಬ ಮಾತುಗಳು ಮನೆಮನೆಯ ಮಾತಾದವು. ಇಂದು ಭೂಗತ ಎಂದರೆ ಹುಡುಗರಿಗೆ ನೆನಪಾಗುವುದು ಲಾಂಗು, ಈಸೂರಲ್ಲ. ಇದು ನನಗೆ ನೋವಿನ ವಿಷಯ.

▣ ಸಿಕ್ಕಿಬಿದ್ದ ಮೇಲೆ
*ಕಂಬಿ ಕಿತ್ತವನು ತಪ್ಪಿಸಿಕೊಂಡವನು, ಕಂಬಿ ಎಣಿಸುವವನು ಒಳಗಿರುವವನು. ಸೆರೆಮನೆಗೆ ಕನ್ನಡಿಗರು ಇಟ್ಟ ಹೆಸರುಗಳು: ಮಾವನ ಮನೆ, ಶ್ರೀಕೃಷ್ಣನ ಜನ್ಮಸ್ಥಾನ. ಒಳಗಿನ ಊಟದ ನೆನಪಿನಿಂದ ‘ಮುದ್ದೆ ಮುರಿಯುವುದು’. ಶೇಷಾದ್ರಿ ರಸ್ತೆಯ ಸೆರೆಮನೆ ಊರಾಚೆಗೆ ಹೋದ ಮೇಲೆ ‘ಪರಪ್ಪನ ಅಗ್ರಹಾರ’ವೇ ಸೆರೆಮನೆಯ ಹೆಸರಾಯಿತು. ಹಳೆಯ ಜೈಲಿನ ಜಾಗದಲ್ಲಿ 2008ರಲ್ಲಿ ಸ್ವಾತಂತ್ರ್ಯ ಉದ್ಯಾನ ತೆರೆಯಿತು.*

ಯಾರು ಪರಾರಿ, ಯಾರು ನಾಪತ್ತೆ?

ಪದಗಳಲ್ಲಿ ತೀರ್ಪು ಇರುತ್ತದೆ ಎಂಬ ನನ್ನ ನಂಬಿಕೆ ಈ ಹುಡುಕಾಟದಲ್ಲಿ ಗಟ್ಟಿಯಾಯಿತು. ಆದ್ದರಿಂದಲೇ ದಿನಪತ್ರಿಕೆಯ ಒಳಪುಟಗಳ ಕೆಲವು ತಲೆಬರಹಗಳು ನನ್ನನ್ನು ಕೆಣಕುತ್ತವೆ.

ಶಾಲೆಯಿಂದ ಮನೆಗೆ ಬಾರದ ಮಗುವೂ ‘ನಾಪತ್ತೆ’, ಹಣ ನುಂಗಿದ ಚೀಟಿ ವ್ಯವಹಾರದವನೂ ‘ನಾಪತ್ತೆ’. ಮಗುವಿಗೆ ‘ಕಾಣೆ’ ಎಂಬ ಮಾತಿದೆ. ಗೋಡೆಗಳ ಮೇಲಿನ ‘ಕಾಣೆಯಾಗಿದ್ದಾರೆ’ ಎಂಬ ಭಿತ್ತಿಪತ್ರದಲ್ಲಿ ಹುಡುಕುವವರ ಆತಂಕವಿದೆ. ಚೀಟಿಯವನಿಗೆ ‘ತಲೆಮರೆಸಿಕೊಂಡಿದ್ದಾನೆ’ ಎಂಬ ಮಾತಿದೆ. ಅದರಲ್ಲಿ ಅವನೇ ಬೇಕೆಂದು ಅಡಗಿದ್ದಾನೆ ಎಂಬುದಿದೆ. ಇಬ್ಬರನ್ನೂ ಒಂದೇ ಪದದಲ್ಲಿ ಹಾಕಿದರೆ ಅನ್ಯಾಯ ಮಗುವಿಗೆ.

ಅದಕ್ಕಿಂತ ಹೆಚ್ಚಿನ ಅನ್ಯಾಯ ಇನ್ನೊಂದು ತಲೆಬರಹದಲ್ಲಿದೆ: ‘ಪ್ರಿಯಕರನೊಂದಿಗೆ ಯುವತಿ ಪರಾರಿ.’ ಹುಡುಗಿಗೆ 22, ಹುಡುಗನಿಗೆ 25 ಎಂದು ಅದೇ ಸುದ್ದಿಯ ಕೆಳಗಿನ ಸಾಲು ಹೇಳುತ್ತದೆ. ಜೇಬುಗಳ್ಳನಿಗೆ ಪೇದೆ ಬಳಸಿದ ಮಾತೇ ಅವಳಿಗೂ ಬಂದಿದೆ. ಅವಳು ಯಾವ ಕಾನೂನಿನಿಂದ ಓಡಿದಳು? 2006ರ ಲತಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟವಾಗಿದೆ. ವಯಸ್ಕ ಹೆಣ್ಣು ತಾನು ಬಯಸಿದವನನ್ನು ಮದುವೆಯಾಗಬಹುದು; ಅಂಥ ಜೋಡಿಗೆ ಯಾರೂ ಕಿರುಕುಳ ಕೊಡದಂತೆ ನೋಡಿಕೊಳ್ಳುವುದು ಪೊಲೀಸರ ಕೆಲಸ. ಕಾನೂನು ಅವಳ ಪಕ್ಕದಲ್ಲಿ ನಿಂತಿದೆ. ಪತ್ರಿಕೆಯ ಭಾಷೆ ಮಾತ್ರ ಇನ್ನೂ ಅವಳನ್ನು ಅಟ್ಟಿಸಿಕೊಂಡು ಹೋಗುತ್ತಿದೆ.

‘ಮನೆ ಬಿಟ್ಟಳು’ ಎನ್ನಬಹುದು. ‘ಮದುವೆಯಾದಳು’ ಎನ್ನಬಹುದು. ಸುದ್ದಿಮನೆಯಲ್ಲಿ ಕುಳಿತು ತಲೆಬರಹ ಕೊಡುವ ಗೆಳೆಯರಿಗೆ ಇದು ಕಷ್ಟದ ಕೆಲಸವಲ್ಲ. ಅಕ್ಷರದ ಲೆಕ್ಕದಲ್ಲೂ ಜಾಗ ಉಳಿಯುತ್ತದೆ.

ಬೇರೆ ಬೇರೆ ಧರ್ಮದವರಾದರೆ ಆ ಜೋಡಿಗೆ ಉಳಿಯುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಅದರ ಪ್ರಕಾರ ಮದುವೆಯಾಗುವ ಇಚ್ಛೆಯನ್ನು ಮೊದಲೇ ಬರೆದು ಕೊಡಬೇಕು. ನೋಂದಣಿ ಅಧಿಕಾರಿ ಇಬ್ಬರ ಹೆಸರು, ವಿಳಾಸವಿರುವ ಆ ನೋಟಿಸನ್ನು ಕಚೇರಿಯ ಎದ್ದು ಕಾಣುವ ಜಾಗದಲ್ಲಿ ಅಂಟಿಸುತ್ತಾರೆ. ಆಕ್ಷೇಪಣೆ ಇದ್ದವರು ಬರಲೆಂದು ಕಾಯುವ ಅವಧಿ 30 ದಿನ. ತಲೆಮರೆಸಿಕೊಂಡ ಆರೋಪಿಯ ಉದ್ಘೋಷಣೆಗೆ ಕೊಡುವ ಕನಿಷ್ಠ ಅವಧಿಯೂ ಅಷ್ಟೇ, ಅಂಟಿಸುವ ಬಗೆಯೂ ಅದೇ. ಮನೆಯವರ ಭಯವಿರುವ ಜೋಡಿ ಊರು ಬಿಡುವುದು ಆ 30 ದಿನಗಳಲ್ಲಿ.